ಗಾಜಿನ ಆಚೆಗಿನ ಕೂಸು: ದಿನ ತುಂಬದೆ ಹುಟ್ಟಿದವರ ಚರಿತ್ರೆ

ಯಾವುದಕ್ಕೂ ಕಾಯಲಾರದ ಅವಸರದ ಮನುಷ್ಯನನ್ನು ಕಂಡರೆ ನಮ್ಮ ಕಡೆ ‘ಏನಪ್ಪಾ, ಏಳು ತಿಂಗಳಿಗೇ ಹುಟ್ಟಿದೆಯಾ?’ ಎಂದು ಕೇಳುವುದುಂಟು. ಕೇಳುವವರೂ ನಗುತ್ತಾರೆ, ಕೇಳಿಸಿಕೊಂಡವನೂ ನಗುತ್ತಾನೆ. ಆದರೆ ‘ಎಂಟು ತಿಂಗಳಿಗೆ ಹುಟ್ಟಿದೆಯಾ?’ ಎಂದು ಯಾರೂ ತಮಾಷೆ ಮಾಡಿದ್ದನ್ನು ನಾನು ಕೇಳಿಲ್ಲ. ಏಳು ತಿಂಗಳ ಕೂಸು ಬದುಕುತ್ತದೆ, ಎಂಟು ತಿಂಗಳದ್ದು ಬದುಕುವುದಿಲ್ಲ ಎಂಬ ನಂಬಿಕೆ ಹಿರಿಯರ ಬಾಯಲ್ಲಿ ಇವತ್ತಿಗೂ ಇದೆ. ಬದುಕಿದವರ ಬಗ್ಗೆ ನಗಬಹುದು, ಉಳಿಯದವರ ಬಗ್ಗೆ ನಗಲಾಗದು. ಒಂದು ಹಗುರ ಮಾತಿನ ಒಳಗೆ ಸಾವಿನ ಲೆಕ್ಕವೊಂದು ಹೀಗೆ ಅಡಗಿ ಕೂತಿದೆ.

ಈ ನಂಬಿಕೆ ನಮ್ಮದು ಮಾತ್ರವಲ್ಲ. ಪ್ರಾಚೀನ ಗ್ರೀಸಿನ ಹಿಪ್ಪೊಕ್ರಟಿಸನ ಹೆಸರಿನಲ್ಲಿ ಉಳಿದುಬಂದಿರುವ ವೈದ್ಯಗ್ರಂಥಗಳಲ್ಲಿ ‘ಏಳು ತಿಂಗಳ ಮಗು’ ಮತ್ತು ‘ಎಂಟು ತಿಂಗಳ ಮಗು’ ಎಂಬ ವಿಷಯಕ್ಕೇ ಮೀಸಲಾದ ಬರಹಗಳಿವೆ. ಅಲ್ಲಿಯೂ ಇದೇ ತೀರ್ಪು: ಏಳರದು ಉಳಿಯಬಹುದು, ಎಂಟರದು ಉಳಿಯದು. ನಮ್ಮ ಆಯುರ್ವೇದ ಸಂಹಿತೆಗಳು ಬೇರೊಂದು ದಾರಿಯಿಂದ ಇದೇ ಜಾಗಕ್ಕೆ ಬರುತ್ತವೆ. ಎಂಟನೆಯ ತಿಂಗಳಿನಲ್ಲಿ ಓಜಸ್ಸು ತಾಯಿ ಮತ್ತು ಗರ್ಭದ ನಡುವೆ ಅಸ್ಥಿರವಾಗಿ ಓಡಾಡುತ್ತಿರುತ್ತದೆ, ಆದ್ದರಿಂದ ಆಗ ಹುಟ್ಟುವುದು ಅಪಾಯ ಎಂಬುದು ಅವುಗಳ ವಿವರಣೆ. ಇಂದು ನಮಗೆ ಗೊತ್ತಿರುವುದು ಇದಕ್ಕೆ ತದ್ವಿರುದ್ಧ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿನ ಬದುಕುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಎಂಟು ಏಳಕ್ಕಿಂತ ಖಂಡಿತ ಮೇಲು. ಹಾಗಿದ್ದರೂ ಈ ನಂಬಿಕೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಬಾಳಿದ್ದೇಕೆ? ತಿಂಗಳುಗಳನ್ನು ಎಣಿಸುವುದರಲ್ಲಿನ ತೊಡಕು ಒಂದು ಕಾರಣವಿರಬಹುದು. ನನಗೆ ಕಾಣುವ ಇನ್ನೊಂದು ಕಾರಣ ಸಮಾಧಾನ. ಏನೂ ಮಾಡಲಾಗದ ಕಾಲದಲ್ಲಿ, ‘ಇದು ಉಳಿಯುವಂಥದ್ದಲ್ಲ’ ಎಂದು ಮೊದಲೇ ಹೇಳಿಬಿಡುವ ಒಂದು ನಿಯಮ ಮನೆಯವರಿಗೆ ಬೇಕಾಗಿತ್ತು.

ಹುಟ್ಟು ಬೇರೆ, ಬರಮಾಡಿಕೊಳ್ಳುವುದು ಬೇರೆ. ನಮ್ಮಲ್ಲಿ ಮಗುವಿಗೆ ಹೆಸರಿಡುವುದು, ತೊಟ್ಟಿಲಿಗೆ ಹಾಕುವುದು ಹುಟ್ಟಿದ ದಿನವೇ ಅಲ್ಲ, ಕೆಲವು ದಿನ ಕಾದ ಮೇಲೆ. ಮೇಲಿಂದ ಮೇಲೆ ಮಕ್ಕಳನ್ನು ಕಳೆದುಕೊಂಡ ಮನೆಗಳಲ್ಲಿ ತಿಪ್ಪಯ್ಯ, ಗುಂಡಪ್ಪ, ಕಲ್ಲಪ್ಪ ಎಂದು ತಿಪ್ಪೆಯ, ಕಲ್ಲಿನ ಹೆಸರಿಟ್ಟು ಸಾವಿನ ಕಣ್ಣು ತಪ್ಪಿಸುತ್ತಿದ್ದರು. ಮಗು ಉಳಿಯುತ್ತದೋ ಇಲ್ಲವೋ ಎಂದು ಖಾತ್ರಿಯಾಗುವ ತನಕ ಪ್ರೀತಿಯನ್ನು ತುಸು ದೂರದಲ್ಲಿ ನಿಲ್ಲಿಸುವ ಉಪಾಯಗಳಿವು. ದಿನ ತುಂಬದ ಮಗುವಿನ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ, ಔಷಧಿಗಳ ವಿಜಯಗಾಥೆಯಾಗಿ ಹೇಳುತ್ತಾರೆ. ನನಗೆ ಅದಕ್ಕಿಂತ ಈ ದೂರದ ಚರಿತ್ರೆ ಮುಖ್ಯವೆನಿಸುತ್ತದೆ. ಮಗು ಯಾರ ಕೈಯಲ್ಲಿತ್ತು? ತಾಯಿ ಎಲ್ಲಿದ್ದಳು?

ಈ ಪ್ರಶ್ನೆ ನನಗೆ ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ. ಮೂರು ವರ್ಷದ ಹಿಂದೆ ನನ್ನ ಅಕ್ಕನಿಗೆ ಮೂವತ್ತೊಂದನೆಯ ವಾರದಲ್ಲೇ ಹೆರಿಗೆಯಾಯಿತು. ಮಗುವಿನ ತೂಕ 1,350 ಗ್ರಾಂ. ಮೊದಲ ಒಂಬತ್ತು ದಿನ ಅಕ್ಕ ಮಗುವನ್ನು ಮುಟ್ಟಲಿಲ್ಲ, ಗಾಜಿನ ಕಿಟಕಿಯಾಚೆ ನಿಂತು ನೋಡಿದಳು. ಹಾಲು ಹಿಂಡಿ ಪುಟ್ಟ ಬಟ್ಟಲಲ್ಲಿ ಒಳಗೆ ಕಳಿಸುತ್ತಿದ್ದಳು. ‘ನನಗೆ ಮಗು ಹುಟ್ಟಿದೆ ಅಂತ ಅನಿಸ್ತಾನೇ ಇಲ್ಲ ಕಣೆ, ಯಾರದೋ ಮಗೂನ ನೋಡೋಕೆ ಬಂದ ಹಾಗಿದೆ’ ಎಂದಳು ಒಂದು ಸಂಜೆ. ಒಳಗಿದ್ದ ದಾದಿಯರು ಹಗಲು ರಾತ್ರಿ ದುಡಿದು ಆ ಮಗುವನ್ನು ಉಳಿಸಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಡುವಿನ ಆ ಗಾಜು ಯಾವಾಗ ಬಂತು, ಯಾಕೆ ಬಂತು ಎಂದು ಹುಡುಕುತ್ತಾ ಹೋದಾಗ, ನನ್ನ ಪಿಎಚ್‌ಡಿ ವಿಷಯದ ಪಕ್ಕದಲ್ಲೇ ಇದ್ದರೂ ನಾನು ತೆರೆಯದೇ ಬಿಟ್ಟಿದ್ದ ಬಾಗಿಲೊಂದು ತೆರೆದುಕೊಂಡಿತು.

ಯಂತ್ರಗಳಿಗೆ ಮುಂಚಿನ ಆರೈಕೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಬಿಸಿ, ಹತ್ತಿ, ಹನಿಹನಿ ಹಾಲು. ದಿನ ತುಂಬದ ಮಗುವಿಗೆ ಚರ್ಮದಡಿಯ ಕೊಬ್ಬು ಕಡಿಮೆ, ತೂಕಕ್ಕೆ ಹೋಲಿಸಿದರೆ ಮೈಯ ಹರವು ಹೆಚ್ಚು. ಹೀಗಾಗಿ ಮೈಯ ಕಾವು ಬೇಗ ಸೋರಿಹೋಗುತ್ತದೆ. ಹೀರುವ, ನುಂಗುವ, ಉಸಿರಾಡುವ ಮೂರು ಕೆಲಸಗಳನ್ನು ಒಟ್ಟಿಗೆ ಹೊಂದಿಸಿಕೊಳ್ಳುವುದೂ ಅದಕ್ಕೆ ಕಷ್ಟ. ಶಾಸ್ತ್ರ ಗೊತ್ತಿಲ್ಲದಿದ್ದರೂ ಸೂಲಗಿತ್ತಿಯರಿಗೆ ಇದು ಗೊತ್ತಿತ್ತು. ಗಾಳಿಯಾಡದ ಬಾಣಂತಿ ಕೋಣೆ, ಅಗ್ಗಿಷ್ಟಿಕೆಯ ಕೆಂಡ, ಹಳೆಯ ಮೆತ್ತನೆ ಸೀರೆಯ ಸುತ್ತು, ಬತ್ತಿಯಿಂದ ಅಥವಾ ಒಳಲೆಯಿಂದ ಬಾಯಿಗೆ ಬಿಡುವ ಹಾಲು. ಅದರಲ್ಲಿ ಹೊಗೆಯ ಅಪಾಯವೂ ಇತ್ತು, ಸೋಂಕಿನ ಅಪಾಯವೂ ಇತ್ತು. ಆದರೆ ತಾಯಿ ಮತ್ತು ಮಗು ಒಂದೇ ಕೋಣೆಯಲ್ಲಿದ್ದರು. ಹಳೆಯ ಕ್ಯಾಲೆಂಡರಿನ ಲೆಕ್ಕದಲ್ಲಿ 1642ರ ಕ್ರಿಸ್‌ಮಸ್ ದಿನ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಹುಟ್ಟಿದ ಐಸಾಕ್ ನ್ಯೂಟನ್, ಹುಟ್ಟಿದಾಗ ತಾನು ಒಂದು ಸಣ್ಣ ಕೊಡಪಾತ್ರೆಯಲ್ಲಿ ಹಿಡಿಸುವಷ್ಟು ಪುಟ್ಟದಾಗಿದ್ದೆನಂತೆ ಎಂದು ಮುಂದೆ ಹೇಳಿಕೊಂಡಿದ್ದ. ಅವನು ಬದುಕಿದ್ದೂ ಇಂಥದೇ ಮನೆಯ ಆರೈಕೆಯಲ್ಲಿ.

ದೃಶ್ಯ ಬದಲಾಗುವುದು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ. 1870-71ರ ಯುದ್ಧದಲ್ಲಿ ಪ್ರಷ್ಯದ ಎದುರು ಸೋತ ಫ್ರಾನ್ಸಿಗೆ ತನ್ನ ಜನಸಂಖ್ಯೆಯ ಚಿಂತೆ ಹತ್ತಿತ್ತು. ಜನನ ಪ್ರಮಾಣ ಇಳಿಯುತ್ತಿರುವಾಗ ಹುಟ್ಟಿದ ಮಕ್ಕಳನ್ನಾದರೂ ಉಳಿಸಿಕೊಳ್ಳಬೇಕಲ್ಲ! ಮಟೆರ್ನಿಟೆ ಹೆರಿಗೆ ಆಸ್ಪತ್ರೆಯ ಸ್ಟೆಫಾನ್ ಟಾರ್ನಿಯೆ ಎಂಬ ವೈದ್ಯ 1878ರಲ್ಲಿ ಪ್ಯಾರಿಸಿನ ಪ್ರಾಣಿ ಸಂಗ್ರಹಾಲಯಕ್ಕೆ ಹೋದಾಗ ಅಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡ. ಅದನ್ನು ಮಾಡಿದ ಓಡೀಲ್ ಮಾರ್ತಾನಿಂದಲೇ ಮಕ್ಕಳಿಗೊಂದು ಪೆಟ್ಟಿಗೆ ಮಾಡಿಸಿದ. ಬಿಸಿನೀರಿನಿಂದ ಕಾವು ಪಡೆಯುವ, ಒಂದಕ್ಕಿಂತ ಹೆಚ್ಚು ಮಕ್ಕಳು ಹಿಡಿಸುವ ದೊಡ್ಡ ಮರದ ಪೆಟ್ಟಿಗೆ ಅದು. ಅವನ ಸಹಾಯಕ ಓವಾರ್ 1883ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 2,000 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳ ಸಾವು ಶೇ. 66ರಿಂದ ಶೇ. 38ಕ್ಕೆ ಇಳಿದಿತ್ತು. ಬೆಚ್ಚಗಿಡುವುದು ಎಂಬ ಒಂದೇ ಕೆಲಸವನ್ನು ಸರಿಯಾಗಿ ಮಾಡಿದ್ದಕ್ಕೆ ಸಿಕ್ಕ ಫಲ ಇದು.

ಟಾರ್ನಿಯೆಯ ಶಿಷ್ಯ ಪಿಯೆರ್ ಬ್ಯುದಾನ್ ಈ ಕಥೆಯಲ್ಲಿ ನನಗೆ ಹೆಚ್ಚು ಹತ್ತಿರದವನು. ಪೆಟ್ಟಿಗೆಯಿಂದ ಮಗು ಉಳಿಯುತ್ತದೆ, ಆದರೆ ವಾರಗಟ್ಟಲೆ ಮಗುವಿನಿಂದ ದೂರವಿದ್ದ ತಾಯಿ ಅದರ ಬಗ್ಗೆ ಆಸಕ್ತಿಯನ್ನೇ ಕಳೆದುಕೊಳ್ಳುತ್ತಾಳೆ ಎಂಬುದನ್ನು ಅವನು ಗಮನಿಸಿದ. ಬದುಕಿದ ಮಗುವನ್ನು ಮನೆಗೆ ಒಯ್ಯಲು ಯಾರೂ ಬರದಿದ್ದರೆ ಬದುಕಿಸಿದ್ದಕ್ಕೇನು ಅರ್ಥ? ಹಾಗಾಗಿ ತಾಯಂದಿರು ಬಂದು ನೋಡಬೇಕು, ತಮ್ಮದೇ ಹಾಲು ಕೊಡಬೇಕು ಎಂದು ಅವನು ಒತ್ತಾಯಿಸಿದ. ಅವನ ಕಾಲಕ್ಕೆ ಪೆಟ್ಟಿಗೆಗೆ ಗಾಜಿನ ಗೋಡೆ ಬಂದಿತ್ತು. ತಾಯಿಯ ಕಣ್ಣಿಗೆ ಮಗು ಕಾಣುವಂತೆ ಮಾಡಿದ್ದು ಆ ಗಾಜೇ. ನಾನು ಮುಂದೆ ದೂರುವ ಗಾಜು ಮೊದಲು ಬಂದದ್ದು ತಾಯಿಯ ಪರವಾಗಿ ಎಂಬುದು ಈ ಚರಿತ್ರೆಯ ಒಂದು ವಿಚಿತ್ರ.

ಗಾಜಿದ್ದ ಮೇಲೆ ತಾಯಿಯಷ್ಟೇ ನೋಡಬೇಕೆಂದಿಲ್ಲವಲ್ಲ. 1896ರ ಬರ್ಲಿನ್ ವಸ್ತುಪ್ರದರ್ಶನದಲ್ಲಿ ಜೀವಂತ ಕೂಸುಗಳನ್ನಿಟ್ಟ ಇನ್‌ಕ್ಯುಬೇಟರುಗಳನ್ನು ಜನ ದುಡ್ಡು ಕೊಟ್ಟು ನೋಡಿದರು. ಅದರ ಜತೆ ಹೆಸರು ತಳುಕು ಹಾಕಿಕೊಂಡ ಮಾರ್ಟಿನ್ ಕೌನಿ ಮುಂದೆ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ಕಡಲತಡಿಯ ಜಾತ್ರೆಯಂಥ ಜಾಗದಲ್ಲಿ 1903ರಿಂದ 1943ರವರೆಗೆ ಪ್ರತಿ ಬೇಸಿಗೆ ಈ ಪ್ರದರ್ಶನ ನಡೆಸಿದ. ಸುತ್ತ ಸರ್ಕಸ್ಸು, ತಿರುಗುವ ತೊಟ್ಟಿಲು, ತಿಂಡಿಯಂಗಡಿ. ನಡುವೆ ಸ್ವಚ್ಛವಾದೊಂದು ಕಟ್ಟಡ, ಒಳಗೆ ಸಾಲಾಗಿ ಗಾಜಿನ ಪೆಟ್ಟಿಗೆ. ಟಿಕೆಟ್ಟು 25 ಸೆಂಟ್. ದಾದಿಯೊಬ್ಬಳು ತನ್ನ ಬೆರಳಿನ ಉಂಗುರ ತೆಗೆದು ಮಗುವಿನ ಮಣಿಕಟ್ಟಿಗೆ ಬಳೆಯಂತೆ ತೊಡಿಸಿ ತೋರಿಸಿದರೆ ಜನ ಉಸಿರು ಬಿಗಿಹಿಡಿಯುತ್ತಿದ್ದರು.

ಓದಲು ಹೇಸಿಗೆಯಾಗುತ್ತದೆ, ನಿಜ. ಆದರೆ ಇನ್ನೊಂದು ಮಗ್ಗುಲು ನೋಡಿ. ಕೌನಿ ಮಕ್ಕಳ ತಂದೆತಾಯಿಗಳಿಂದ ಒಂದು ಕಾಸೂ ಪಡೆಯಲಿಲ್ಲ. ಖರ್ಚೆಲ್ಲ ನೋಡುಗರ ಟಿಕೆಟ್ಟಿನಿಂದ. ಬಹುಪಾಲು ಅಮೆರಿಕನ್ ಆಸ್ಪತ್ರೆಗಳು ‘ಇವು ಉಳಿಯುವಂಥವಲ್ಲ’ ಎಂದು ಕೈಬಿಟ್ಟಿದ್ದ ಕಾಲದಲ್ಲಿ ಬಡವರ ಮಕ್ಕಳಿಗೆ ಇದ್ದ ದಾರಿ ಅದೊಂದೇ. ಅವನದೇ ಲೆಕ್ಕದಲ್ಲಿ ಬಂದ 8,000 ಮಕ್ಕಳಲ್ಲಿ 6,500 ಉಳಿದವು. ಅವನ ಬಳಿ ವೈದ್ಯಪದವಿ ಇತ್ತೆಂಬುದಕ್ಕೆ ಇತ್ತೀಚಿನ ಸಂಶೋಧಕರಿಗೆ ಯಾವ ಪುರಾವೆಯೂ ದೊರೆತಿಲ್ಲ. ಪದವಿಯಿಲ್ಲದ ಒಬ್ಬ ಪ್ರದರ್ಶನಕಾರ, ಪದವಿಯಿದ್ದವರು ಬೆನ್ನು ತಿರುಗಿಸಿದ್ದ ಮಕ್ಕಳನ್ನು ಬರಮಾಡಿಕೊಂಡ. ಅವನನ್ನು ಮೋಸಗಾರ ಎನ್ನಬೇಕೋ ಪುಣ್ಯಾತ್ಮ ಎನ್ನಬೇಕೋ ಎಂಬ ಪ್ರಶ್ನೆಗಿಂತ, ಒಂದು ಸಮಾಜ ತನ್ನ ಅತಿ ದುರ್ಬಲ ಮಕ್ಕಳಿಗೆ ಜಾತ್ರೆಯಲ್ಲಿ ಬಿಟ್ಟರೆ ಬೇರೆಲ್ಲೂ ಜಾಗ ಕೊಡಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಆಸ್ಪತ್ರೆಗಳು ಕೊನೆಗೂ ಜಾಗ ಕೊಟ್ಟವು. ಕೌನಿಯ ಸ್ನೇಹಿತನಾಗಿದ್ದ ಷಿಕಾಗೋದ ವೈದ್ಯ ಜೂಲಿಯಸ್ ಹೆಸ್ 1922ರಲ್ಲಿ ದಿನ ತುಂಬದ ಮಕ್ಕಳಿಗೇ ಮೀಸಲಾದ ವಿಭಾಗ ಆರಂಭಿಸಿದ. ನುರಿತ ದಾದಿಯರು, ಕಟ್ಟುನಿಟ್ಟಿನ ಶುಚಿತ್ವ, ಎದೆಹಾಲು: ಇವು ಅವನ ಆಧಾರಸ್ತಂಭಗಳು. ಸೋಂಕಿನ ಭಯ ಸುಳ್ಳಲ್ಲ, ಆ್ಯಂಟಿಬಯಾಟಿಕ್‌ಗಳಿಲ್ಲದ ಕಾಲ ಅದು. ಆದರೆ ಆ ಭಯದಿಂದ ಮುಚ್ಚಿದ ಬಾಗಿಲು ಪೆನ್ಸಿಲಿನ್ ಬಂದ ಮೇಲೂ ದಶಕಗಟ್ಟಲೆ ಮುಚ್ಚಿಯೇ ಇತ್ತು. ಹಾಲು ಒಳಗೆ ಹೋಗಬಹುದು, ತಾಯಿ ಹೋಗುವಂತಿಲ್ಲ. ಗಾಜು ಈಗ ಗೋಡೆಯಾಯಿತು. 1970ರಲ್ಲಿ ಸ್ಟ್ಯಾನ್‌ಫರ್ಡಿನ ವೈದ್ಯರು ತಾಯಂದಿರನ್ನು ಒಳಬಿಟ್ಟು ನೋಡಿ, ಸೋಂಕು ಹೆಚ್ಚಲಿಲ್ಲ ಎಂದು ವರದಿ ಮಾಡುವವರೆಗೂ ಈ ನಿಯಮವನ್ನು ಯಾರೂ ಪರೀಕ್ಷಿಸಿಯೇ ಇರಲಿಲ್ಲವೆನ್ನಬೇಕು.

ಪರೀಕ್ಷಿಸದ ಒಳ್ಳೆಯ ಉದ್ದೇಶ ಏನು ಮಾಡಬಲ್ಲದು ಎಂಬುದಕ್ಕೆ ಆಮ್ಲಜನಕದ ಕಥೆ ಸಾಕು. 1942ರಲ್ಲಿ ಬಾಸ್ಟನ್ನಿನ ನೇತ್ರವೈದ್ಯ ಥಿಯೊಡೋರ್ ಟೆರ್ರಿ, ದಿನ ತುಂಬದೆ ಹುಟ್ಟಿದ ಮಕ್ಕಳ ಕಣ್ಣಿನ ಹಿಂಭಾಗದಲ್ಲಿ ಬೆಳೆಯುವ ಒಂದು ಹೊಸ ಬಗೆಯ ಅಂಧತ್ವವನ್ನು ವರ್ಣಿಸಿದ. ಒಳ್ಳೆಯ ಆಸ್ಪತ್ರೆಗಳಲ್ಲೇ ಈ ಕಾಯಿಲೆ ಹೆಚ್ಚಾಗಿತ್ತು, ಬಡ ಆಸ್ಪತ್ರೆಗಳಲ್ಲಿ ಕಡಿಮೆ. ಗಾಳಿ ಸೋರದ ಹೊಸ ಇನ್‌ಕ್ಯುಬೇಟರುಗಳಲ್ಲಿ ಮಕ್ಕಳಿಗೆ ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕವೇ ಕಾರಣವಿರಬಹುದೆಂದು 1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಬರೆದರು. ವಾಷಿಂಗ್ಟನ್ನಿನಲ್ಲಿ ಆರ್ನಲ್ ಪ್ಯಾಟ್ಸ್ ಇದನ್ನು ಪರೀಕ್ಷಿಸುತ್ತಿದ್ದಾಗ, ಕಡಿಮೆ ಆಮ್ಲಜನಕದ ಗುಂಪಿನ ಮಕ್ಕಳ ಮೇಲೆ ಕನಿಕರಪಟ್ಟು ಕೆಲವು ದಾದಿಯರು ರಾತ್ರಿ ಹೊತ್ತು ಗುಟ್ಟಾಗಿ ಕೊಳಾಯಿ ತಿರುಗಿಸಿ ಹೆಚ್ಚು ಬಿಡುತ್ತಿದ್ದರಂತೆ. ಮಮತೆಯ ಕೈಯೇ ಅದು. 18 ಆಸ್ಪತ್ರೆಗಳು ಸೇರಿ 1953-54ರಲ್ಲಿ ನಡೆಸಿದ ಪ್ರಯೋಗ ಸಂಶಯ ತೀರಿಸಿತು. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಕುರುಡಾಗಿದ್ದರು. 1950ರಲ್ಲಿ ಆರು ವಾರ ಮುಂಚೆ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಆ ತಲೆಮಾರಿನವರು. ಆಮೇಲೆ ಆಮ್ಲಜನಕವನ್ನು ಅತಿಯಾಗಿ ಕಡಿತ ಮಾಡಿದ್ದರಿಂದ ಉಸಿರಾಟದ ತೊಂದರೆಯಲ್ಲಿ ಸತ್ತ ಮಕ್ಕಳ ಲೆಕ್ಕ ಬೇರೆಯೇ ಇದೆ.

ಉಸಿರಿನ ಗುಟ್ಟು ಬಿಡಿಸಿದವರಲ್ಲಿ ಮುಖ್ಯಳು ಮೇರಿ ಎಲೆನ್ ಏವರಿ. ದಿನ ತುಂಬದ ಶ್ವಾಸಕೋಶದ ಗಾಳಿಚೀಲಗಳನ್ನು ಕುಸಿಯದಂತೆ ಹಿಡಿಯುವ ಸರ್ಫ್ಯಾಕ್ಟೆಂಟ್ ಎಂಬ ನೊರೆಯಂಥ ವಸ್ತುವಿನ ಕೊರತೆಯೇ ಆ ಮಕ್ಕಳ ಸಾವಿಗೆ ಕಾರಣ ಎಂದು ಅವರು ಜೆರೆ ಮೀಡ್ ಜತೆ 1959ರಲ್ಲಿ ತೋರಿಸಿದರು. ಕಾರಣ ತಿಳಿದರೂ ಪರಿಹಾರ ಇರಲಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನಡಿಗೆ ಐದಾರು ವಾರ ಮುಂಚಿತವಾಗಿ ಹುಟ್ಟಿದ ಮಗ ಪ್ಯಾಟ್ರಿಕ್, ಸುಮಾರು 2.1 ಕಿಲೋ ತೂಗುತ್ತಿದ್ದವನು, 39 ಗಂಟೆ ಮಾತ್ರ ಬದುಕಿದ. ಜಗತ್ತಿನ ಅತ್ಯಂತ ಪ್ರಬಲ ಮನುಷ್ಯನ ಮಗುವಿಗೂ ಅಂದು ವೈದ್ಯಶಾಸ್ತ್ರ ಕೊಡಬಹುದಾದದ್ದು ಅಷ್ಟೇ. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ, ಹೆರಿಗೆಗೆ ಮುನ್ನ ತಾಯಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಮಗುವಿನ ಶ್ವಾಸಕೋಶವನ್ನು ಸಿದ್ಧಪಡಿಸುತ್ತದೆ ಎಂದು ತೋರಿಸಿದರು. 1980ರಲ್ಲಿ ಜಪಾನಿನ ಫುಜಿವಾರ ಹತ್ತು ಮಕ್ಕಳಿಗೆ ಹೊರಗಿನಿಂದ ಸರ್ಫ್ಯಾಕ್ಟೆಂಟ್ ಕೊಟ್ಟು ಯಶಸ್ವಿಯಾದರು. ಅಗ್ಗದ ಆ ಚುಚ್ಚುಮದ್ದು ವ್ಯಾಪಕ ಬಳಕೆಗೆ ಬರಲು ಮಾತ್ರ ಇಪ್ಪತ್ತು ವರ್ಷ ಬೇಕಾಯಿತು. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸುವ ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿರುವ ಗೆರೆಗಳು ಈ ಚುಚ್ಚುಮದ್ದಿನ ಏಳು ಪ್ರಯೋಗಗಳ ಫಲಿತಾಂಶಗಳೇ. ಗೊತ್ತಿದ್ದೂ ಬಳಸದೆ ಹೋದ ವರ್ಷಗಳ ನೆನಪಾಗಿ ಅವು ಅಲ್ಲಿವೆ.

ಯಂತ್ರ, ಔಷಧಿ ಎರಡೂ ಸಾಲದ ಊರಿನಲ್ಲಿ ಏನು ಮಾಡಬೇಕು? ಉತ್ತರ ಬಂದದ್ದು ಕೊಲಂಬಿಯಾದ ಬೊಗೊಟಾದಿಂದ, 1978ರಲ್ಲಿ. ಅಲ್ಲಿನ ಸಾರ್ವಜನಿಕ ಹೆರಿಗೆ ಆಸ್ಪತ್ರೆಯಲ್ಲಿ ಒಂದೊಂದು ಇನ್‌ಕ್ಯುಬೇಟರಿನಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು. ಸೋಂಕು ಹಬ್ಬಿ ಸಾಯುತ್ತಿದ್ದವು. ಉಳಿದವುಗಳಲ್ಲಿ ಎಷ್ಟನ್ನೋ ತಾಯಂದಿರು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಬ್ಯುದಾನ್ ಹೆದರಿದ್ದು ಇದಕ್ಕೇ. ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯ, ಅರೆಬೆಳೆದ ಮರಿಯನ್ನು ಚೀಲದಲ್ಲಿಟ್ಟು ಬೆಳೆಸುವ ಕಾಂಗರೂವಿನಿಂದ ಸೂಚನೆ ಪಡೆದು, ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ನೆಟ್ಟಗೆ ಕಟ್ಟಿಸಿದ. ಎಕ್ಟರ್ ಮಾರ್ಟಿನೆಸ್ ಅದನ್ನು ಮುಂದುವರಿಸಿದ. ತಾಯಿಯ ಮೈಯೇ ಕಾವಿನ ಪೆಟ್ಟಿಗೆ, ಎದೆಹಾಲೇ ಆಹಾರ, ಸ್ಥಿರವಾದ ಮಗುವನ್ನು ಬೇಗ ಮನೆಗೆ ಕಳಿಸಿ ನಿಗಾ ಇಡುವುದು. ಶ್ರೀಮಂತ ದೇಶಗಳ ವೈದ್ಯರು ಇದನ್ನು ಬಹುಕಾಲ ‘ಬಡವರ ಇನ್‌ಕ್ಯುಬೇಟರ್’ ಎಂದೇ ನೋಡಿದರು.

ಆ ಧೋರಣೆಗೆ ಬಲವಾದ ಉತ್ತರ 2021ರಲ್ಲಿ ಬಂತು. ಭಾರತ, ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾಗಳ ಐದು ಆಸ್ಪತ್ರೆಗಳಲ್ಲಿ, 1 ಕಿಲೋದಿಂದ 1.8 ಕಿಲೋದೊಳಗಿನ 3,211 ಮಕ್ಕಳ ಮೇಲೆ ನಡೆದ ಪ್ರಯೋಗ ಅದು. ನಮ್ಮ ದೇಶದಿಂದ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಇತ್ತು. ಮಗು ಸ್ಥಿರಗೊಳ್ಳುವವರೆಗೆ ಕಾಯದೆ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿ ಇಬ್ಬರನ್ನೂ ಒಂದೇ ತೀವ್ರ ನಿಗಾ ಘಟಕದಲ್ಲಿ ಇರಿಸಿದರು. 28 ದಿನಗಳೊಳಗಿನ ಸಾವು ಶೇ. 15.7ರ ಬದಲು ಶೇ. 12 ಆಯಿತು. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಇನ್ನೊಂದು ಗುಂಪಿನ ಮಕ್ಕಳಿಗೆ ಇದನ್ನು ನಿರಾಕರಿಸುವುದು ಸರಿಯಲ್ಲವೆಂದು ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಎಂಬುದನ್ನೇ ತನ್ನ ಶಿಫಾರಸಾಗಿ ಪ್ರಕಟಿಸಿತು.

ಇದು ನಮಗೆ ದೂರದ ಸುದ್ದಿಯಲ್ಲ. 2020ರ ಅಂದಾಜಿನಂತೆ ಜಗತ್ತಿನಲ್ಲಿ ಆ ವರ್ಷ 37 ವಾರ ತುಂಬುವ ಮುನ್ನ ಹುಟ್ಟಿದ 1.34 ಕೋಟಿ ಮಕ್ಕಳಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವು, ಅಂದರೆ ಬೇರಾವ ದೇಶಕ್ಕಿಂತ ಹೆಚ್ಚು. ಇಲ್ಲಿನ ಪ್ರಯತ್ನಗಳೂ ಸಣ್ಣವಲ್ಲ. ಗಡ್‌ಚಿರೋಲಿಯ ಹಳ್ಳಿಗಳಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಯಲ್ಲೇ ನವಜಾತ ಶಿಶುಗಳ ಆರೈಕೆ ಮಾಡಿಸಿ, ಸಾವು ಶೇ. 62ರಷ್ಟು ತಗ್ಗಿದ್ದನ್ನು 1999ರಲ್ಲಿ ಪ್ರಕಟಿಸಿದರು. 2003ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಆರಂಭವಾದ ಜಿಲ್ಲಾಸ್ಪತ್ರೆಯ ವಿಶೇಷ ನವಜಾತ ಘಟಕ ದೇಶಕ್ಕೇ ಮಾದರಿಯಾಯಿತು. ಆಮ್ಲಜನಕದ ಹಳೆಯ ಪಾಠವನ್ನು ನೆನಪಿಟ್ಟುಕೊಂಡಂತೆ, ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ‘ಕಿಡ್‌ರಾಪ್’ ಯೋಜನೆ ಆರಂಭಿಸಿತು. ತಂತ್ರಜ್ಞರು ಕ್ಯಾಮೆರಾ ಹೊತ್ತು ಕರ್ನಾಟಕದ ಜಿಲ್ಲೆ, ತಾಲ್ಲೂಕುಗಳ ಘಟಕಗಳಿಗೆ ಹೋಗಿ ಮಕ್ಕಳ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ, ದೂರದಲ್ಲಿರುವ ವೈದ್ಯರು ಅದನ್ನು ನೋಡಿ ಯಾವ ಮಗುವಿಗೆ ಚಿಕಿತ್ಸೆ ತಡವಾಗಬಾರದೆಂದು ಹೇಳುತ್ತಾರೆ. ಇನ್ನು ಕೊಪ್ಪಳ ಜಿಲ್ಲೆ. ಕಾಂಗರೂ ಆರೈಕೆಯನ್ನು ಒಂದಿಡೀ ಜಿಲ್ಲೆಯ ರೂಢಿಯಾಗಿಸಲು ಸಾಧ್ಯವೇ ಎಂದು ನೋಡಿದ, ಇಥಿಯೋಪಿಯಾ ಮತ್ತು ಭಾರತದ ಜಂಟಿ ಅಧ್ಯಯನದಲ್ಲಿ ಅದೂ ಒಂದು ಕಣವಾಗಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಸರ್ಕಾರಿ ಆರೋಗ್ಯ ವ್ಯವಸ್ಥೆಯೊಡನೆ ಅಲ್ಲಿ ದುಡಿದರು.

ಇಂಥ ಕೆಲಸದಲ್ಲಿ ತಂತ್ರಜ್ಞಾನಕ್ಕಿಂತ ಕಷ್ಟವಾದದ್ದು ಜಾಗ ಮತ್ತು ಬಿಡುವು. ದಿನಕ್ಕೆ ಹತ್ತಾರು ಗಂಟೆ ಮಗುವನ್ನು ಎದೆಗೆ ಕಟ್ಟಿಕೊಳ್ಳಬೇಕಾದ ತಾಯಿಗೆ ಒರಗಲು ಕುರ್ಚಿ ಬೇಕು, ಹಾಸಿಗೆ ಬೇಕು, ಊಟ ಬೇಕು. ಮನೆಯಲ್ಲಿ ದೊಡ್ಡ ಮಗುವನ್ನು ನೋಡಿಕೊಳ್ಳಲು ಯಾರಾದರೂ ಬೇಕು. ಅವಳು ಸುಸ್ತಾದಾಗ ಅಪ್ಪನೋ ಅಜ್ಜಿಯೋ ಅಂಗಿ ಬಿಚ್ಚಿ ಕೂಸನ್ನು ಎದೆಗೆ ಹಾಕಿಕೊಳ್ಳಬೇಕು. ಕಾಂಗರೂ ಆರೈಕೆ ಅಗ್ಗ ಎನ್ನುವವರು ತಾಯಿಯ ಹೊತ್ತಿಗೆ ಬೆಲೆ ಕಟ್ಟುವುದನ್ನು ಮರೆತಿರುತ್ತಾರೆ. ಅಕ್ಕನಿಗೆ ಹತ್ತನೆಯ ದಿನ ಮಗುವನ್ನು ಕೊಟ್ಟಾಗ ಆ ವಾರ್ಡಿನಲ್ಲಿ ಇದ್ದದ್ದು ಒಂದೇ ಒರಗು ಕುರ್ಚಿ, ಸರದಿಯಲ್ಲಿ ನಾಲ್ವರು ತಾಯಂದಿರು.

ಬಾಣಂತಿ ಕೋಣೆಯಲ್ಲಿ ತಾಯಿ ಮಗು ಒಟ್ಟಿಗಿದ್ದರು, ವಿಜ್ಞಾನ ಇರಲಿಲ್ಲ. ಇಪ್ಪತ್ತನೆಯ ಶತಮಾನದ ವಾರ್ಡಿನಲ್ಲಿ ವಿಜ್ಞಾನ ಇತ್ತು, ತಾಯಿ ಹೊರಗಿದ್ದಳು. ಎರಡನ್ನೂ ಒಂದೇ ಕೋಣೆಗೆ ತರಲು ನೂರು ವರ್ಷಕ್ಕೂ ಹೆಚ್ಚು ಹಿಡಿದಿದೆ, ಮತ್ತು ಬಹಳ ಊರುಗಳಲ್ಲಿ ಅದು ಇನ್ನೂ ಆಗಿಲ್ಲ. ಹಾಗಾಗಿ ನವೆಂಬರ್ 17ರಂದು, ದಿನ ತುಂಬದ ಮಕ್ಕಳ ಹೆಸರಿನಲ್ಲಿ ಜಗತ್ತು ದಿನಾಚರಣೆ ಮಾಡುವಾಗ, ನಮ್ಮ ಜಿಲ್ಲಾಸ್ಪತ್ರೆಗೆ ಎಷ್ಟು ಹೊಸ ಯಂತ್ರ ಬಂದಿವೆ ಎಂದು ಕೇಳುವುದರ ಜತೆಗೆ, ಒಳಗೆ ತಾಯಿಗೆ ಎಷ್ಟು ಹಾಸಿಗೆ ಇವೆ ಎಂದೂ ಕೇಳಬೇಕು.